ಕಂಬ ಎತ್ತದ ಸೋಮವಾರ

ನಮ್ಮ ಡ್ರಿಲ್ ಮೇಷ್ಟ್ರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಎಪ್ಪತ್ತು ದಾಟಿತ್ತು. ಬೆಳಗ್ಗೆ ಎದ್ದು, ಕಾಫಿ ಕುಡಿದು, ಸಕ್ಕರೆ ಕಡಿಮೆಯಾಗಿದೆಯೆಂದು ಹೆಂಡತಿಯ ಮೇಲೆ ಒಂದು ಸಣ್ಣ ಆರೋಪ ಹೊರಿಸಿ, ಅದರ ವಿಚಾರಣೆ ಮುಗಿಯುವ ಮೊದಲೇ ಜಗಲಿಯ ಮೇಲೆ ಒರಗಿಬಿಟ್ಟರು. ಗುಂಡ್ಲುಪೇಟೆಯಿಂದ ಬಂದ ಡಾಕ್ಟರು ನೋಡಿ, ಹೃದಯ ನಿಂತಿದೆ ಎಂದರು. ಆದರೆ ಒಬ್ಬ ಮನುಷ್ಯ ಯಾಕೆ ಸತ್ತ ಎಂಬಂಥ ಘನವಾದ ವಿಷಯವನ್ನು ಡಾಕ್ಟರ ಕೈಗೆ ಬಿಟ್ಟುಕೊಡುವ ಊರು ಅವರದಲ್ಲ. ಬೀದಿಯ ಯಜಮಾನರಾದ ಗುರುಮಲ್ಲಪ್ಪನವರು, ತೊಂಬತ್ತಕ್ಕೆ ಹತ್ತಿರವಾದವರು, ಕೋಲೂರಿಕೊಂಡು ಬಂದು, ಹೂವಿನ ಹಾರ ಹಾಕಿ ಕೂರಿಸಿದ್ದ ಮೇಷ್ಟ್ರ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತು, ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು:

"ಅವತ್ತೇ ಬಡ್ಕಂಡಿ. ಆ ಆಪ್ರೇಸನ್ನು ಬ್ಯಾಡ ಕಣ್ಲಾ, ನರ ಕುಯ್ಸ್ಕಂಡ್ರ ಆಯಸ್ಸು ಕಮ್ಮಿಯಾಯ್ತದ ಅಂತ. ಕೇಳುದ್ನಾ?"

ಆ ಆಪರೇಷನ್ ಆಗಿ ಮೂವತ್ತು ವರ್ಷದ ಮೇಲಾಗಿತ್ತು. ಇಷ್ಟು ನಿಧಾನವಾಗಿ ಕೊಲ್ಲುವ ಶಸ್ತ್ರಚಿಕಿತ್ಸೆ ವೈದ್ಯಶಾಸ್ತ್ರದಲ್ಲಿ ಇನ್ನೊಂದು ಇರಲಾರದು. ಈ ಲೆಕ್ಕದಲ್ಲಿ ನಾಮಕರಣವೂ ಮನುಷ್ಯನನ್ನು ಕೊಲ್ಲುತ್ತದೆ. ಸ್ವಲ್ಪ ಕಾಯಬೇಕು, ಅಷ್ಟೆ.

ಯಜಮಾನರ ಆ ಮಾತಿಗೆ ಅಲ್ಲೇ, ಹೆಣದ ಎದುರಿಗೇ ಒಂದು ಉತ್ತರ ಬಂತು. ಅದನ್ನು ಹೇಳುವುದಕ್ಕೇ ನಾನು ಕೂತಿರುವುದು. ಆದರೆ ಮೇಷ್ಟ್ರು ಎಂಥವರೆಂದು ಗೊತ್ತಿಲ್ಲದವರಿಗೆ ಆ ಉತ್ತರದ ರುಚಿ ಹತ್ತುವುದಿಲ್ಲ.

ತೆರಕಣಾಂಬಿಯ ಕಡೆ ಒಂದು ಪ್ರೌಢಶಾಲೆಯಲ್ಲಿ ಅವರು ಡ್ರಿಲ್ ಮೇಷ್ಟ್ರು, ನಾನು ಕನ್ನಡ ಪಂಡಿತ. ಅವರ ಕೊರಳಲ್ಲಿ ಸದಾ ಒಂದು ಸೀಟಿ. ಮದುವೆಗೆ ಹೋದರೂ ಶರಟಿನ ಒಳಗೆ ಅದು ಇರುತ್ತಿತ್ತು, ಊಟದ ಪಂಕ್ತಿಯಲ್ಲಿ ನೂಕುನುಗ್ಗಲಾದರೆ ಹೊರಗೆ ಬರುತ್ತಿತ್ತು. ಧ್ವನಿಯಂತೂ ದೇವರು ಬೇರೆ ಯಾವುದೋ ಪ್ರಾಣಿಗೆಂದು ಮಾಡಿಟ್ಟದ್ದು. ಅವರು ಮೈದಾನದಲ್ಲಿ "ಸಾವಧಾನ್!" ಎಂದರೆ ರಸ್ತೆಯಾಚೆಯ ಅರಿಶಿನದ ಹೊಲದಲ್ಲಿ ಕಳೆ ಕೀಳುವ ಹೆಂಗಸರೂ ನೆಟ್ಟಗಾಗುತ್ತಿದ್ದರು. ಯಾವುದೇ ವಾದವನ್ನು ಮುಗಿಸಬೇಕಾದರೆ ಅವರ ಬಳಿ ಒಂದೇ ಮಾತು: "ವಿಶ್ರಾಮ್." ಅಲ್ಲಿಗೆ ಮುಗಿಯಿತು. ಗುಟ್ಟು ಎಂಬ ಪದಾರ್ಥ ಅವರ ಹೊಟ್ಟೆಗೆ ಒಗ್ಗುತ್ತಿರಲಿಲ್ಲ. ತಮ್ಮ ಸಂಬಳ, ತಮ್ಮ ಮಲಬದ್ಧತೆ, ತಮ್ಮ ಮಾವನ ಜಿಪುಣತನ, ಎಲ್ಲವೂ ಸ್ಟಾಫ್ ರೂಮಿನಲ್ಲಿ ಸಾರ್ವಜನಿಕ ಆಸ್ತಿ.

ವಿಚಾರವಂತರು ಎಂದು ಹೊಗಳೋಣವೆಂದರೆ ಅದಕ್ಕೂ ಅಡ್ಡಿಯಿದೆ. ಕಾರ್ತಿಕ ಮಾಸದಲ್ಲಿ ಬಾಳೆಹಣ್ಣು ತಿಂದರೆ ಕೈ ನಡುಗಿ ಕಂಬ ವಾಲುತ್ತದೆಂದು ಕೊನೆಯವರೆಗೂ ನಂಬಿದ್ದರು. ಬಾಳೆ ಬೆಳೆಯುವ ಸೀಮೆಯಲ್ಲಿ ಕೂತು ಇಡೀ ತಿಂಗಳು ಬಾಳೆಗೊನೆಯನ್ನು ಶತ್ರುವಿನಂತೆ ನೋಡುತ್ತಿದ್ದರು.

ಕಂಬವೆಂದರೆ ನಂದಿಕಂಬ. ಮನೆಯ ಮಾಡಿಗಿಂತ ಎತ್ತರದ ಬಿದಿರು, ಮೈಗೆ ಹಿತ್ತಾಳೆಯ ಕಟ್ಟು, ನಡುವೆ ಪುಟ್ಟದೊಂದು ನಂದಿ, ತುದಿಯಲ್ಲಿ ಕಳಸ, ಸುತ್ತ ಗೆಜ್ಜೆ. ಅದರ ಬುಡವನ್ನು ಸೊಂಟಕ್ಕೆ ಬಿಗಿದ ದಟ್ಟಿಯಲ್ಲಿ ಊರಿಕೊಂಡು, ಕರಡೆ ಬಡಿತಕ್ಕೆ ಹೆಜ್ಜೆ ಹಾಕುತ್ತ, ಕಾರ್ತಿಕದ ಕೊನೆಯ ಸೋಮವಾರ ಬೀದಿಯ ಈ ತುದಿಯಿಂದ ಆ ತುದಿಯ ಗುಡಿಯವರೆಗೆ ಕುಣಿಯಬೇಕು. ಎತ್ತುವ ಹಕ್ಕು ಅವರ ಮನೆತನದ್ದು, ಅಪ್ಪನಿಂದ ಬಂದದ್ದು. ಮೇಷ್ಟ್ರು ಸರ್ಕಾರಿ ನೌಕರಿಯನ್ನು ಹೊಟ್ಟೆಪಾಡೆಂದೂ ಕಂಬವನ್ನು ಉದ್ಯೋಗವೆಂದೂ ತಿಳಿದಿದ್ದರು. ಉಳಿದ ಹನ್ನೊಂದು ತಿಂಗಳು ಆ ಸೋಮವಾರದ ಸಿದ್ಧತೆ.

ಎರಡನೆಯ ಮಗಳು ಹುಟ್ಟುವಾಗ ಅವರ ಹೆಂಡತಿ ಗೌರಮ್ಮನವರು ಸಾಯುವುದರಲ್ಲಿದ್ದು ಉಳಿದರು. ಚಾಮರಾಜನಗರದ ಆಸ್ಪತ್ರೆಯ ಲೇಡಿ ಡಾಕ್ಟರು ಮೇಷ್ಟ್ರನ್ನು ಒಳಗೆ ಕರೆದು, ಇವರಿಗೆ ಇನ್ನೊಂದು ಬಸಿರು ಬೇಡ, ರಕ್ತ ಬಹಳ ಕಡಿಮೆಯಿದೆ, ಹೆಂಗಸರ ಆಪರೇಷನ್ನಿಗೂ ಈಗ ಇವರ ಮೈ ತಡೆಯುವುದಿಲ್ಲ ಎಂದರಂತೆ. ಮುಂದಿನ ಮಾತುಕತೆಯನ್ನು ಮೇಷ್ಟ್ರೇ ಸ್ಟಾಫ್ ರೂಮಿನಲ್ಲಿ ಅಭಿನಯಿಸಿ ತೋರಿಸಿದರು.

"ಅವ್ರು ಅಂದ್ರು ಪಂಡಿತ್ರೇ, ನೀವೇ ಮಾಡಿಸ್ಕೊಳ್ಳಿ, ನಿಮ್ಮದು ಚಿಕ್ಕದು ಅಂತ. ನಂಗ ರೇಗ್ಬುಡ್ತು. ಏನ್ ಮೇಡಂ ಚಿಕ್ಕದು ಅಂದೆ. ಆಪರೇಷನ್ನು ಕಣ್ರೀ, ಕೂತ್ಕೊಳ್ಳಿ ಅಂದ್ರು."

ಕೂತರು. ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತಿಳಿಸಿದರು. ಮೇಷ್ಟ್ರು ಅದನ್ನು ತಮ್ಮ ಹೊಲದ ಭಾಷೆಗೆ ತಿರುಗಿಸಿಕೊಂಡು ಬಂದು ನಮಗೆ ಪಾಠ ಮಾಡಿದರು: "ನೋಡಿ, ಏನೂ ಕುಯ್ದು ತೆಗ್ಯದಿಲ್ಲ. ಎರಡು ಸಣ್ಣ ಪೈಪು ಅವೆ. ಅವುಕ್ಕೆ ಗಂಟಾಕ್ತರ. ಮಿಕ್ಕಿದ್ದೆಲ್ಲ ಇದ್ದಂಗೇ. ನೀರು ಬರ್ತದ, ಮೀನು ಬರಲ್ಲ. ಅಷ್ಟೇಯ."

ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖದಲ್ಲಿ ಆಡಳಿತದ ಚಿಂತೆಯಿತ್ತು. "ಅಲ್ಲ ಮೇಷ್ಟ್ರೇ, ಇದರಿಂದ ಸ್ವರ ಹೆಣ್ಣಾಗಲ್ಲ ತಾನೆ? ಜನವರಿ ಇಪ್ಪತ್ತಾರು ಹತ್ತಿರ ಬರ್ತಾ ಇದೆ. ಪರೇಡು ಯಾರು ಕೂಗ್ತಾರೆ?"

"ಸ್ವರ ಇರೋದು ಗಂಟಲಲ್ಲಿ ಸಾರ್. ಇದು ಬ್ಯಾರೆ ಡಿಪಾರ್ಟ್‌ಮೆಂಟು."

ಮನೆಯಲ್ಲಿ ಅವರ ತಾಯಿ ಮೂರು ದಿನ ಉಣ್ಣಲಿಲ್ಲ. ಗಂಡಸಿಗೆ ಯಾಕೆ ಈ ಪಾಡು, ಸೊಸೆ ಸುಧಾರಿಸಿಕೊಂಡ ಮೇಲೆ ಅವಳೇ ಮಾಡಿಸಿಕೊಳ್ಳಲಿ ಎಂಬುದು ಅವರ ವಾದ. ಬೀದಿಯ ಹೆಂಗಸರೆಲ್ಲ ಹೊಟ್ಟೆ ಕೊಯ್ಯಿಸಿಕೊಂಡು, ವಾರ ಕಳೆಯುವ ಮೊದಲೇ ನೀರು ಹೊತ್ತವರು. ಅದರಲ್ಲಿ ಯಾರಿಗೂ ಊನ ಕಂಡಿರಲಿಲ್ಲ.

ಆಸ್ಪತ್ರೆಗೆ ಜೊತೆಗೆ ಹೋದವನು ನಾನು. ಒಳಗೆ ಹೋದವರು ನಾನು ಒಂದು ಪೇಪರು ಓದಿ ಮುಗಿಸುವಷ್ಟರಲ್ಲಿ ಹೊರಗೆ ಬಂದರು. "ಹಲ್ಲು ಕೀಳ್ಸಿದ್ದೇ ಇದಕ್ಕಿಂತ ನೋವಾಗಿತ್ತು ಪಂಡಿತ್ರೇ, ಬನ್ನಿ ಕಾಫಿ ಕುಡ್ಯನ" ಎಂದರು. ಡಾಕ್ಟರು ಎರಡು ಎಚ್ಚರಿಕೆ ಕೊಟ್ಟು ಕಳಿಸಿದ್ದರು. ಒಂದು: ಗಂಟು ಹಾಕಿದರೂ ಪೈಪಿನ ಮುಂದಿನ ಭಾಗದಲ್ಲಿ ಮೊದಲೇ ಸೇರಿದ ಮೀನುಗಳು ಉಳಿದಿರುತ್ತವೆ, ಮೂರು ತಿಂಗಳು ನಿರೋಧ್ ಬಳಸಬೇಕು, ಆಮೇಲೆ ಬಂದು ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ನಂಬುವಂತಿಲ್ಲ. ಎರಡು: ಒಂದು ವಾರ ಭಾರ ಎತ್ತುವಂತಿಲ್ಲ.

ಬಸ್ಸಿನಲ್ಲಿ ನಿರೋಧ್ ಪೊಟ್ಟಣವನ್ನು ತೊಡೆಯ ಮೇಲೆ ಪ್ರಸಾದದಂತೆ ಇಟ್ಟುಕೊಂಡು ಕೂತಿದ್ದ ಮೇಷ್ಟ್ರು ತೆರಕಣಾಂಬಿ ಬರುವ ಹೊತ್ತಿಗೆ ಇದ್ದಕ್ಕಿದ್ದಂತೆ ಬೆಳ್ಳಗಾದರು. ನನಗೆ ಗಾಬರಿಯಾಯಿತು.

"ನೋವಾ?"

"ಇಲ್ಲ. ಸ್ವಾಮಾರ."

ಆಪರೇಷನ್ನಿಗೆ ದಿನ ಗೊತ್ತುಮಾಡುವಾಗ ಅವರು ಶಾಲೆಯ ರಜೆಪಟ್ಟಿ ನೋಡಿದ್ದರು. ಪಂಚಾಂಗ ನೋಡಿರಲಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಆ ವಾರದೊಳಗೇ ಬಿದ್ದಿತ್ತು.

ಸೋಮವಾರ ಸಂಜೆ ಕಂಬ ಅವರ ಮನೆಯ ಮುಂದೆ ಸಿಂಗಾರವಾಗಿ ನಿಂತಿತು. ಕರಡೆ ಶುರುವಾಯಿತು. ಮೇಷ್ಟ್ರು ದಟ್ಟಿ ಕೈಗೆತ್ತಿಕೊಂಡರು. ಗೌರಮ್ಮ, ಎದ್ದು ನಿಲ್ಲಲೂ ತ್ರಾಣವಿಲ್ಲದವರು, ಗೋಡೆ ಹಿಡಿದು ಬಂದು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹೊಸ್ತಿಲಿಗೆ ಅಡ್ಡ ಕೂತರು.

"ಡಾಕ್ಟ್ರಮ್ಮ ಏನಂದವ್ರೆ?"

"ಒಂದೇ ಸುತ್ತು ಕಣಮ್ಮಿ."

"ನನ್ನ ದಾಟ್ಕಂಡು ಓಗಿ. ಗಂಟು ಬಿಚ್ಕಂಡು ಬಿದ್ರೆ ಕಂಬುಕ್ಕೇ ಯೋಳಿ, ಅದೇ ಬಂದು ನಿಮ್ಗ ಗಂಜಿ ಕಾಯ್ಸ್ಲಿ."

ಬೇರೆ ಯಾರಾದರೂ ಆಗಿದ್ದರೆ ಜ್ವರ ಎನ್ನುತ್ತಿದ್ದರು. ಜ್ವರಕ್ಕೆ ಯಾರೂ ಅಡ್ಡಿ ಹೇಳುತ್ತಿರಲಿಲ್ಲ. ನಮ್ಮ ಮೇಷ್ಟ್ರು ಜಗಲಿಗೆ ಬಂದು, ಪರೇಡಿನ ಧ್ವನಿಯಲ್ಲಿ, ಕರಡೆಯವರೂ ಕೈ ನಿಲ್ಲಿಸುವಂತೆ ಘೋಷಿಸಿದರು: "ನಂಗ ಮಕ್ಕಳಾಗ್ದಂಗೆ ಆಪ್ರೇಸನ್ ಆಗದ. ಒಂದು ವಾರ ಭಾರ ಎತ್ತಂಗಿಲ್ಲ. ಈ ವರ್ಸ ಮಾದಪ್ಪ ಎತ್ಲಿ."

ಮಾದಪ್ಪ ಅವರ ಚಿಕ್ಕಪ್ಪನ ಮಗ, ವಯಸ್ಸಿನಲ್ಲಿ ಚಿಕ್ಕವನು, ಬಹುಕಾಲದಿಂದ ಕಂಬದ ಪಕ್ಕದಲ್ಲೇ ಹೆಜ್ಜೆ ಹಾಕುತ್ತ ಕಾಯುತ್ತಿದ್ದವನು. ಅವನು ದಟ್ಟಿ ಬಿಗಿದ ವೇಗ ನೋಡಿದರೆ ಮನೆಯಿಂದಲೇ ಬಿಗಿದುಕೊಂಡು ಬಂದಿದ್ದನೇನೋ ಅನ್ನಿಸಿತು. ಕಂಬ ಹೋಯಿತು. ಮೇಷ್ಟ್ರು ಹೇಳಿದ್ದರಲ್ಲಿ "ಒಂದು ವಾರ" ಎಂಬ ಭಾಗ ಯಾರ ಕಿವಿಗೂ ಬೀಳಲಿಲ್ಲ. "ಎತ್ತಂಗಿಲ್ಲ" ಎಂಬುದಷ್ಟೇ ಬಿತ್ತು. ಮರುದಿನ ಟೀ ಅಂಗಡಿಯಲ್ಲಿ ಮಾದಪ್ಪನೇ ಹೇಳುತ್ತಿದ್ದನಂತೆ: "ನಮ್ಮಣ್ಣ ಬೀಜ ಒಡ್ಸ್ಕಂಡ ಕಣ್ರಲಾ. ಇನ್ನ ಅಂವ ಎತ್ತೋದು ಟೀ ಲೋಟ ಮಾತ್ರ."

ಮೂರು ತಿಂಗಳ ಪರೀಕ್ಷೆಯಲ್ಲಿ ಒಂದೂ ಮೀನಿಲ್ಲ ಎಂದು ಬಂತು. ಅದನ್ನು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ "ಸೊನ್ನೆ!" ಎಂದು ಸಾರಿದರು. ಸೊನ್ನೆ ತೆಗೆದುಕೊಂಡು ಇಷ್ಟು ಹೆಮ್ಮೆಪಟ್ಟವರನ್ನು ನನ್ನ ನೌಕರಿಯಲ್ಲಿ ಬೇರೆ ಕಂಡಿಲ್ಲ.

ಮುಂದಿನ ಕಾರ್ತಿಕಕ್ಕೆ ಮೊದಲು ಗುಡಿಯ ಜಗಲಿಯ ಮೇಲೆ ನ್ಯಾಯ ಸೇರಿತು. ನಾನೂ ಪ್ರೇಕ್ಷಕನಾಗಿ ಹೋಗಿದ್ದೆ. ಇಡೀ ಬೀದಿಗೆ ದೊಡ್ಡಪ್ಪನಾದ ಗುರುಮಲ್ಲಪ್ಪನವರಿಗೆ ಆಗ ಐವತ್ತು ದಾಟಿ ಒಳ್ಳೆಯ ತೂಕ ಬಂದಿತ್ತು.

"ನೋಡಪ್ಪ ಮೇಷ್ಟ್ರೇ, ಬೇಜಾರ್ ಮಾಡ್ಕಬ್ಯಾಡ. ದೇವ್ರ ಕಂಬ. ಊನ ಆದ ಮೈ ಮುಟ್ಟಂಗಿಲ್ಲ. ಅಲ್ದೆ ಬೀಜ ಒಡ್ಸಿದ ಮ್ಯಾಲ ಶಕ್ತಿ ಎಲ್ಲದ?"

"ದೊಡ್ಡಪ್ಪ, ನಿಮ್ಮನೆ ಗಾಡಿ ಎಳ್ಯದು ಯಾವ್ದು? ಗೂಳಿಯಾ, ಎತ್ತಾ?"

"ಗೂಳಿಯ ಯಾವನ್ಲಾ ಗಾಡಿಗೆ ಕಟ್ಟಾನು? ಎತ್ತೇಯ."

"ಅದುಕ್ಕೆ ಬೀಜ ಒಡ್ಸಿದ್ದೀರೋ ಇಲ್ವೋ?"

ಇಡೀ ಸಭೆ ಒಂದು ಕ್ಷಣ ತಮ್ಮ ತಮ್ಮ ಕೊಟ್ಟಿಗೆಗೆ ಹೋಗಿ ಬಂದಂತಿತ್ತು.

"ಬೀಜ ಒಡ್ಸಿದ ಎತ್ತು ಅರಿಶಿನದ ಮೂಟೆ ಹೊತ್ಕಂಡು ಗುಂಡ್ಲುಪ್ಯಾಟೆ ಗಂಟ ಎಳೀತದ. ಗೂಳಿ ಕಂಡೋರ ಹೊಲ ಮೇಯ್ಕಂಡು ಬಿದ್ದದ. ಶಕ್ತಿ ಎಲ್ಲದ ಅಂತ ನೀವೇ ಯೋಳಿ. ಇನ್ನ ನಂಗ ಒಡ್ಸೂ ಇಲ್ಲ, ಏನೂ ಇಲ್ಲ. ಪೈಪಿಗೆ ಗಂಟು."

ಇಲ್ಲಿಗೆ ನಿಲ್ಲಿಸಿದ್ದರೆ ಕಂಬ ಅವರದೇ. ನಾನು ಕಣ್ಣಲ್ಲೇ "ವಿಶ್ರಾಮ್" ಎಂದೆ. ಆದರೆ ಅವರಿಗೆ ಗೆಲುವಿನ ಅಮಲು ಏರಿತ್ತು.

"ಊನದ ಮಾತು ಬಂತಲ್ಲ ದೊಡ್ಡಪ್ಪ. ಹೋದ ವರ್ಸ ನೀವು ಊದ್ಕಂಡದ ಅಂತ ಮೈಸೂರಿಗೆ ಓಗಿ ನೀರು ತಗ್ಸ್ಕಂಡು ಬಂದ್ರಲ್ಲ, ಅದೂ ಇದೇ ಬೀದೀಲೇ ಅಲ್ವಾ?"

ನಗು ಜಗಲಿಯಿಂದ ಹೊರಟು ಬೀದಿಯ ಕೊನೆಯವರೆಗೆ ಹೋಯಿತು. ಕಂಬವೂ ಹಾಗೆಯೇ ಹೋಯಿತು. ಯಜಮಾನರು ಎದ್ದು, ಟವೆಲ್ ಕೊಡವಿ, "ಮಾದಪ್ಪನೇ ಎತ್ತಲಿ" ಎಂದು ಹೇಳಿ ನಡೆದರು. ಮೇಷ್ಟ್ರು ವಾದ ಗೆದ್ದು ಕಂಬ ಕಳೆದುಕೊಂಡರು.

ಆಮೇಲಿನ ಕೆಲವು ವರ್ಷ ಕಾರ್ತಿಕದ ಕೊನೆಯ ಸೋಮವಾರ ಅವರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕಂಬ ಹಾದುಹೋಗುವಾಗ ಎರಡು ಕೈಯೂ ಸೊಂಟದ ಹತ್ತಿರ ಬಂದು, ಏನನ್ನೂ ಹಿಡಿಯದೆ, ಹಿಡಿದಂತೆ ನಿಲ್ಲುತ್ತಿದ್ದವು. ಪಾದ ಮಾತ್ರ ಕರಡೆಗೆ ಸರಿಯಾಗಿ ಬೀಳುತ್ತಿತ್ತು. "ಇವ್ರ ಕಾಲು ನಿದ್ದೇಲೂ ಕುಣೀತದ ಅಣ್ಣಯ್ಯ, ನಾನು ಮಲಗೋದೇ ಕಷ್ಟ" ಎಂದು ಗೌರಮ್ಮ ನನ್ನ ಹತ್ತಿರ ನಗುತ್ತ ಹೇಳಿದರು. ಆ ನಗು ಅರ್ಧಕ್ಕೇ ನಿಂತಿತು.

ಅವಮಾನದ ಒಂದು ಲಾಭವೆಂದರೆ, ಅವರ ಮನೆ ಇಂಥ ವಿಷಯಗಳ ಹೈಕೋರ್ಟಾಯಿತು. ಎಲ್ಲರ ಎದುರು ಮಾನ ಕಳೆದುಕೊಂಡವನ ಹತ್ತಿರ ಏನು ಕೇಳಲಿಕ್ಕೂ ನಾಚಿಕೆಯಿಲ್ಲವಲ್ಲ. ಒಬ್ಬ ಬಂದು, ನನ್ನ ಹೆಂಡತಿಗೆ ಮರೆವು, ಅದಕ್ಕೇ ಅವಳ ಗರ್ಭನಿರೋಧಕ ಮಾತ್ರೆಯನ್ನು ದಿನಾ ನಾನೇ ತಪ್ಪದೆ ನುಂಗುತ್ತಿದ್ದೇನೆ, ಆದರೂ ಅವಳಿಗೆ ವಾಂತಿ ಶುರುವಾಗಿದೆ ಎಂದು ದೂರು ಕೊಟ್ಟ. ಮೇಷ್ಟ್ರು ಅವನನ್ನು ಬಹಳ ಹೊತ್ತು ನೋಡಿ, "ನಿಂಗಂತೂ ಬಸ್ರಿ ಆಗಲ್ಲ ಬುಡ್ಲಾ, ಧೈರ್ಯವಾಗಿರು. ಅವ್ಳ ಕರ್ಕಂಡು ಮೊದ್ಲು ಡಾಕ್ಟ್ರ ಹತ್ರ ಓಗು" ಎಂದರು. ನಮ್ಮ ಶಾಲೆಗೆ ಹೊಸದಾಗಿ ಬಂದ ಗುಮಾಸ್ತ, ಮದುವೆ ಗೊತ್ತಾಗಿದ್ದವನು, ಯಾವುದೋ ಲಾಡ್ಜಿನ ವೈದ್ಯನ ಕರಪತ್ರ ಓದಿ ಸೊರಗುತ್ತಿದ್ದ. ಒಂದು ಹನಿ ವೀರ್ಯ ಹೋದರೆ ನೂರು ಹನಿ ರಕ್ತ ಹೋದಂತೆ ಎಂದು ಅದರಲ್ಲಿತ್ತು. "ಈ ಲೆಕ್ಕ ನಿಜವಾಗಿದ್ರೆ ಗಂಡಸರ ಜಾತಿ ಮುಗ್ದು ಎಷ್ಟು ಕಾಲ ಆಗ್ಬೇಕಿತ್ತು ಯೋಚ್ನೆ ಮಾಡಪ್ಪ. ರಾಗಿ ಮುದ್ದೆ ತಿನ್ನು, ಮದ್ವೆ ಮಾಡ್ಕ. ವಿಶ್ರಾಮ್."

ಹೆಂಗಸರ ಪೀಠ ಗೌರಮ್ಮನದು, ಹಿತ್ತಲ ಬಾಗಿಲಲ್ಲಿ. ಹಾಲೂಡಿಸುವವರೆಗೆ ಬಸಿರಾಗುವುದಿಲ್ಲ ಎಂದು ನಂಬಿ ವರ್ಷ ತುಂಬುವುದರೊಳಗೆ ಮತ್ತೆ ಬಸಿರಾದವರೂ ಅಲ್ಲಿಗೇ ಬರುತ್ತಿದ್ದರು, ಕಾಪರ್ ಟಿ ಹಾಕಿಸಿದರೆ ಅದು ಮೇಲೇರಿ ಎದೆಗೆ ಹೋಗುತ್ತದೆಂದು ಹೆದರಿದವರೂ ಬರುತ್ತಿದ್ದರು. "ಎದೆಗತ್ತಕ್ಕೆ ಅದೇನು ಗೋಪಾಲಸ್ವಾಮಿ ಬೆಟ್ಟದ ಬಸ್ಸಾ? ಗರ್ಭಚೀಲದಲ್ಲಿ ಕೂರ್ತದ ಅಷ್ಟೇಯ. ಬ್ಯಾಡ ಅಂದಾಗ ನರ್ಸಮ್ಮ ತಗೀತರ" ಎನ್ನುತ್ತಿದ್ದರು ಗೌರಮ್ಮ.

ಹೀಗಿರುವಾಗ ಒಂದು ಕಾರ್ತಿಕದಲ್ಲಿ ಒಂದು ವಿಚಿತ್ರ ಕಂಡೆ. ಶತ್ರುವಾದ ಮಾದಪ್ಪ ಮೇಷ್ಟ್ರ ಅರಿಶಿನದ ಹೊಲದ ಬದುವಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಮೇಷ್ಟ್ರು ಪಿಸುಗುಟ್ಟುತ್ತಿದ್ದರು. ಅವರಿಗೆ ಪಿಸುಗುಟ್ಟಲು ಬರುತ್ತದೆಂಬುದೇ ನನಗೆ ಅಂದು ಗೊತ್ತಾದದ್ದು. ನನ್ನನ್ನು ಕಂಡದ್ದೇ ಇಬ್ಬರೂ ಅರಿಶಿನದ ಎಲೆಯ ರೋಗದ ಬಗ್ಗೆ ಜೋರಾಗಿ ಮಾತಾಡತೊಡಗಿದರು. ಎರಡು ದಿನ ಬಿಟ್ಟು ಇಬ್ಬರೂ ಔಷಧಿ ಹೊಡೆಯುವ ಪಂಪು ತರುತ್ತೇವೆಂದು ಚಾಮರಾಜನಗರದ ಬಸ್ಸು ಹತ್ತಿದರು. ಸಂಜೆ ಪಂಪಿಲ್ಲದೆ ಬಂದರು.

ಕೊನೆಯ ಸೋಮವಾರ ಕಂಬ ಸಿಂಗಾರವಾಗಿ ನಿಂತಾಗ ಮಾದಪ್ಪ ಕೈ ಮುಗಿದು, "ಸೊಂಟ ಹಿಡ್ಕಂಡದ ದೊಡ್ಡಪ್ಪ, ಈ ವರ್ಸ ಆಗಲ್ಲ" ಎಂದ. ಯಜಮಾನರು ಅತ್ತಿತ್ತ ನೋಡಿದರು. ಆ ಮನೆತನದಲ್ಲಿ ಇನ್ನೊಬ್ಬ ಗಂಡಸಿರಲಿಲ್ಲ. ಕಂಬ ಎತ್ತದೆ ಉಳಿದರೆ ಬೀದಿಗೇ ಕೇಡು. ಗುರುಮಲ್ಲಪ್ಪನವರು ಗುಡಿಯ ಕಡೆಗೆ ಮುಖ ತಿರುಗಿಸಿ, ಯಾರಿಗೂ ಹೇಳದವರಂತೆ, "ಯಾರಾದ್ರೂ ಎತ್ರಪ್ಪ, ಹೊತ್ತಾಯ್ತದ" ಎಂದರು.

ಮೇಷ್ಟ್ರು ಹೊಸ್ತಿಲ ಕಡೆ ನೋಡಿದರು. ಗೌರಮ್ಮನೇ ದಟ್ಟಿ ತಂದು ಕೊಟ್ಟರು. ಕಂಬ ಮೊದಲು ಒಂದಿಷ್ಟು ವಾಲಿತು, ಬೀದಿಯ ಉಸಿರು ನಿಂತಿತು, ಆಮೇಲೆ ನೆಟ್ಟಗೆ ಎದ್ದು ಗೆಜ್ಜೆ ಝಲ್ಲೆಂದಿತು. ಗುಡಿಯವರೆಗೆ ಹೋಗಿ ಬಂದು ನಿಲ್ಲಬೇಕಾದವರು ನಿಲ್ಲಲಿಲ್ಲ. ಇನ್ನೊಂದು ಸುತ್ತು, ಅದರ ಮೇಲೆ ಯಜಮಾನರ ಮನೆಯ ಮುಂದೆ ವಿಶೇಷವಾಗಿ ಒಂದು ಸುತ್ತು. ಅಷ್ಟು ಹೊತ್ತೂ ಮಾದಪ್ಪ ಪಕ್ಕದಲ್ಲಿ, ಕಾಲು ಅಗಲಿಸಿಕೊಂಡು, ಎಚ್ಚರದಿಂದ ನಡೆಯುತ್ತಿದ್ದ. ಮುಂದೆ ಅರವತ್ತು ದಾಟುವವರೆಗೂ ಕಂಬ ಮೇಷ್ಟ್ರದೇ. ಆಮೇಲೆ ತಾವಾಗಿಯೇ ಮಾದಪ್ಪನಿಗೆ ಬಿಟ್ಟುಕೊಟ್ಟರು.

"ಮಾದಪ್ಪನ ಸೊಂಟಕ್ಕೆ ಏನಾಗಿತ್ತು ಮೇಷ್ಟ್ರೇ?" ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ತಮ್ಮ ಆಪರೇಷನ್ನನ್ನು ಇಡೀ ಬೀದಿಗೆ ಕೂಗಿ ಹೇಳಿದ ಆ ಮನುಷ್ಯ ಪ್ರತಿ ಸಲವೂ ನನ್ನ ಮುಖ ನೋಡಿ ಒಂದೇ ಮಾತು ಹೇಳುತ್ತಿದ್ದರು. "ವಿಶ್ರಾಮ್."

ಈಗ ಆ ಚಳಿಗಾಲದ ಬೆಳಗಿಗೆ ಬರೋಣ. ಕಂಬ ಹೊತ್ತವರು ಸತ್ತರೆ ಕಂಬವನ್ನು ಅವರ ಮನೆ ಮುಂದೆ ತಂದು ನಿಲ್ಲಿಸಿ, ಹೆಣದ ಮುಂದೆ ನಾಲ್ಕು ಹೆಜ್ಜೆ ನಡೆಸುವುದು ಆ ಬೀದಿಯ ಪದ್ಧತಿ. ಕಂಬ ಬಂದಿತ್ತು. ಮೇಷ್ಟ್ರ ಕೊರಳಲ್ಲಿ ಹಾರದ ಕೆಳಗೆ ಸೀಟಿ ಹಾಗೇ ಇತ್ತು. ಯಜಮಾನರು ಆಯಸ್ಸಿನ ಆ ತೀರ್ಪು ಕೊಟ್ಟರು. ಸುತ್ತ ಇದ್ದವರು ಹೌದೆಂಬಂತೆ ತಲೆದೂಗಿದರು.

ಮಾದಪ್ಪ ದಟ್ಟಿ ಬಿಗಿಯುತ್ತಿದ್ದವನು ಕೈ ನಿಲ್ಲಿಸಿದ. ಅವನಿಗೂ ಈಗ ಎಪ್ಪತ್ತರ ಹತ್ತಿರ.

"ಅಂಗಾರೆ ನಾನ್ಯಾಕ ಬದ್ಕಿವ್ನಿ ದೊಡ್ಡಪ್ಪ?"

"ನಿಂಗೇನ್ಲಾ ಆಗದ?"

"ನಂಗೂ ಅದೇ ಆಗದ. ಮೂರನೇ ಮಗಳಾದ ಮ್ಯಾಲ ನಮ್ಮವ್ಳು ಎದ್ದೇಳಂಗಿರ್ಲಿಲ್ಲ. ಅಣ್ಣನೇ ಕರ್ಕಂಡೋಗಿ ಮಾಡ್ಸ್ದ. ಸೊಂಟ ಹಿಡ್ಕಂಡದ ಅಂದ್ನಲ್ಲ, ಆ ವರ್ಸ. ಯಾರ್ಗೂ ಯೋಳ್ಬ್ಯಾಡ ಅಂತ ಕಾಲು ಹಿಡ್ಕಂಡಿದ್ದಿ. ಸಾಯೋ ಗಂಟ ಯೋಳ್ನಿಲ್ಲ." ಅವನು ದಟ್ಟಿಯ ತುದಿಯಿಂದ ಕಣ್ಣೊರೆಸಿಕೊಂಡ. ಆಮೇಲೆ, ಅಳುತ್ತಿರುವಾಗಲೇ, ನಗತೊಡಗಿದ. "ದಿನ ಗೊತ್ತು ಮಾಡ್ದವನೂ ಅವನೇಯ. ಪಂಚಾಂಗ ತೊಡೆ ಮ್ಯಾಲ ಇಟ್ಕಂಡು, ಕೊನೆ ಸ್ವಾಮಾರ ವಾರದೊಳಗೇ ಬರಂಗೆ ಎಣಿಸ್ದ."

ಒಳಗಿನಿಂದ, ಹೆಂಗಸರ ನಡುವೆ, ಗೌರಮ್ಮನವರ ನಗು ಕೇಳಿಸಿತು. ಸಾವಿನ ಮನೆಯಲ್ಲಿ ಕೇಳಬಾರದಂಥ ನಗು.

ಗುರುಮಲ್ಲಪ್ಪನವರು ಕೋಲಿನ ಮೇಲೆ ಗದ್ದ ಊರಿದರು. ಮಾದಪ್ಪನನ್ನು ಮೇಲಿನಿಂದ ಕೆಳಗೆ ನೋಡಿದರು, ಕಂಬವನ್ನು ನೋಡಿದರು, ಕೊರಳಲ್ಲಿ ಸೀಟಿ ಹಾಕಿಕೊಂಡು ಕೂತಿದ್ದ ಮೇಷ್ಟ್ರನ್ನು ನೋಡಿದರು. ಕೊನೆಗೆ ಅತ್ಯಂತ ಕಾಳಜಿಯಿಂದ ಹೇಳಿದರು:

"ಅಂಗಾರೆ ನೀನೂ ವಸಿ ಉಷಾರಾಗಿರ್ಲಾ ಮಾದ."

ಮಾದಪ್ಪ ದಟ್ಟಿ ಬಿಗಿದು, ಅದರಲ್ಲಿ ಕಂಬ ಊರಿ, ಎದೆ ಸೆಟೆಸಿ, ಎತ್ತಿದ. ಗೆಜ್ಜೆ ಝಲ್ಲೆಂದಿತು. ಯಜಮಾನರ ಕುರ್ಚಿ ದಾರಿಗೆ ಅಡ್ಡವಾಗಿತ್ತು. ಯಾರೋ ಅದನ್ನು ಅವರ ಸಮೇತ ಎತ್ತಿ ಪಕ್ಕಕ್ಕಿಟ್ಟರು.